ರಾಗಿ ಬಂದ ಕಡೆಗೆ ಹೊರಟಿದ್ದೇನೆ

ಸಂಕ್ರಾಂತಿ ಆದ ನಾಲ್ಕನೇ ದಿನ ಉಗಾಂಡಾಕ್ಕೆ ಹೊರಡುತ್ತೇನೆ. ಎರಡು ವರ್ಷ ಅಲ್ಲಿರಬೇಕು. ಸ್ವಯಂಸೇವೆಗೆ ಅಂತ ಹೇಳಿದ ತಕ್ಷಣ ಊರಿನವರು ಕೇಳುವುದು ಒಂದೇ, ಸಂಬಳ ಎಷ್ಟು? ಸಂಬಳ ಇಲ್ಲ. ಇರಲು ಮನೆ, ತಿಂಗಳ ಖರ್ಚಿಗೆ ಭತ್ಯೆ, ಆರೋಗ್ಯ ವಿಮೆ, ಹೋಗಿ ಬರುವ ಟಿಕೆಟ್, ಇಷ್ಟು ಸಂಸ್ಥೆ ಕೊಡುತ್ತದೆ.

ಮನೆಯಲ್ಲಿ ಮೊದಲು ಹೇಳಿದ ದಿನ ಅಪ್ಪ ಏನೂ ಮಾತಾಡದೆ ಕಬ್ಬಿನ ಗದ್ದೆ ಕಡೆ ಹೋದರು. ಅವ್ವ ಅತ್ತಳು. ಅಜ್ಜಿ ಮಾತ್ರ ನೇರವಾಗಿ ಕೇಳಿದಳು, "ಅಷ್ಟ್ ದೂರ ಹೋಗಿ ಮಾಡೋ ಸೇವೆನ ಇಲ್ಲೇ ಮಾಡಕಾಗಕಿಲ್ವಾ ಮಗ?"

ಈ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಯಾಕಂದ್ರೆ ಅದು ನ್ಯಾಯವಾದ ಪ್ರಶ್ನೆ. ಮಂಡ್ಯದ ಹಳ್ಳಿಗಳಲ್ಲಿ ಕೆಲಸ ಮುಗಿದಿದೆ ಅಂತ ನಾನು ಹೇಳಲಾರೆ. ಕೃಷಿ ಓದಿ ಆರು ವರ್ಷ ಇಲ್ಲೇ ರೈತರ ಜೊತೆ ಓಡಾಡಿದ್ದೇನೆ, ಕಬ್ಬಿನ ದುಡ್ಡು ತಡವಾದಾಗ ಮನೆಗಳಲ್ಲಿ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ಆದರೂ ಹೋಗಬೇಕು ಅನ್ನಿಸಿದ್ದು ರಾಗಿಯಿಂದ.

ನಾವು ಮುದ್ದೆ ನಮ್ಮದು ಅಂತ ಹೆಮ್ಮೆಯಿಂದ ಹೇಳುತ್ತೇವೆ, ಅಲ್ವಾ? ಆದರೆ ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದಲ್ಲಿ, ಇಥಿಯೋಪಿಯಾ, ಉಗಾಂಡಾದ ಎತ್ತರದ ಸೀಮೆಗಳಲ್ಲಿ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂತು. ಇನ್ನೊಮ್ಮೆ ಬಂದದ್ದು ನಮ್ಮ ಅಜ್ಜಿಯ ಕಾಲದಲ್ಲಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಹೆಸರಲ್ಲೇ ಇದೆ ನೋಡಿ, ಇಂಡಿಯಾ ಮತ್ತು ಆಫ್ರಿಕಾ. 1970ರ ದಶಕದಲ್ಲಿ ಅವು ರೈತರ ಹೊಲಕ್ಕೆ ಬಂದಾಗ ಇಳುವರಿ ಎಷ್ಟು ಹೆಚ್ಚಿತು ಅನ್ನುವುದನ್ನು ಅಜ್ಜಿ ಈಗಲೂ ಹೇಳುತ್ತಾಳೆ, "ಇಂಡಾಪ್ ಬಂದ್ಮೇಲೆ ಹೊಟ್ಟೆ ತುಂಬ ಉಂಡ್ವಿ" ಅಂತ. ನಾನು ಅವಳ ಆ ಮಾತನ್ನೇ ಹಿಡಿದುಕೊಂಡು, ನಾವು ಉಂಡ ಅನ್ನದ ಅರ್ಧ ಬಿತ್ತನೆ ಅವರದ್ದು ಅಜ್ಜಿ, ಅವರ ಹೊಲದಲ್ಲಿ ಎರಡು ವರ್ಷ ದುಡಿದು ಬರ್ತೀನಿ ಅಂದೆ. ಅವಳು ಒಪ್ಪಿದಳು ಅಂತಲ್ಲ. ಆದರೆ ಆಮೇಲೆ ಆ ಪ್ರಶ್ನೆ ಕೇಳಲಿಲ್ಲ.

ನಾನು ಹೋಗುವುದು ಪೂರ್ವ ಉಗಾಂಡಾದ ಟೆಸೊ ಸೀಮೆಗೆ. ಅಲ್ಲಿ ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟು ಸೇರಿಸಿ ನಮ್ಮ ಮುದ್ದೆಯಂಥದ್ದನ್ನೇ ಮಾಡುತ್ತಾರೆ, ಅಟಾಪ್ ಅಂತಾರೆ. ಸೆರೆರೆಯಲ್ಲಿ ಸಂಶೋಧನಾ ಕೇಂದ್ರ ಇದೆ, ಒಳ್ಳೆಯ ತಳಿಗಳಿವೆ. ಹಳ್ಳಿಯ ಹೆಂಗಸರು ಗುಂಪು ಮಾಡಿಕೊಂಡು ಬಿತ್ತನೆ ಬೀಜ ಉಳಿಸಿ ಹಂಚುವುದಕ್ಕೆ ಜೊತೆಯಾಗುವುದು ನನ್ನ ಕೆಲಸ. ಅಲ್ಲಿ ಹೆಚ್ಚಾಗಿ ಬೀಜವನ್ನು ಕೈಯಲ್ಲಿ ಎರಚಿ ಬಿತ್ತುತ್ತಾರೆ, ರಾಗಿಯ ಹಾಗೇ ಕಾಣುವ ಕಾಡು ಹುಲ್ಲು ಜೊತೆಯಲ್ಲೇ ಬೆಳೆಯುತ್ತದೆ, ಎಳೆಯದರಲ್ಲಿ ಯಾವುದು ಬೆಳೆ ಯಾವುದು ಕಳೆ ಅಂತ ಬಿಡಿಸುವುದು ಬಹಳ ಕಷ್ಟ, ಆ ಕೆಲಸವೆಲ್ಲ ಹೆಂಗಸರ ಬೆನ್ನ ಮೇಲೆ. ಕೂರಿಗೆಯ ಸಾಲು ಬಿತ್ತನೆ ನಮಗೆ ಗೊತ್ತು. ಕಳೆ ಗುರುತಿಸುವುದು ಅವರಿಗೆ ಗೊತ್ತು. ಮೊದಲ ಮಳೆ ಮಾರ್ಚ್ ಹೊತ್ತಿಗೆ ಶುರು, ಅದಕ್ಕೆ ಮುಂಚೆ ಅಲ್ಲಿರಬೇಕು.

ಹೊರಡುವ ಯೋಚನೆ ಇರುವವರಿಗೆ ಒಂದು ಮಾತು, ಕಾಗದ ಪತ್ರ ಬೇಗ ಶುರು ಮಾಡಿ. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಮುಂದೆ ಗೌಡ ಇದೆ, ಆಧಾರ್‌ನಲ್ಲಿ ಇಲ್ಲ. ಇದೊಂದಕ್ಕೇ ನನಗೆ ಆರು ವಾರ ಹೋಯಿತು. ಹಳದಿ ಜ್ವರದ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ. ನಾನು ಬೆಳಿಗ್ಗೆ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು. 2016ರಿಂದ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ, ಹಾಗಾಗಿ ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊಳ್ಳಿ.

ಇವೆಲ್ಲ ಹೇಗೋ ಆಗುತ್ತವೆ. ಮನೆಯನ್ನು ಸಿದ್ಧ ಮಾಡುವುದೇ ದೊಡ್ಡದು. ಎರಡು ವರ್ಷದ ಹಿಂದೆ ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ. ಅವರ ಮಾತ್ರೆ ತರುತ್ತಿದ್ದವಳು ನಾನು. ಈಗ ಬೆಳಿಗ್ಗೆ, ರಾತ್ರಿ ಅಂತ ಎರಡು ಡಬ್ಬ ಮಾಡಿ, ಒಂದಕ್ಕೆ ಸೂರ್ಯ, ಇನ್ನೊಂದಕ್ಕೆ ಚಂದ್ರ ಬರೆದಿದ್ದೇನೆ. ತಮ್ಮ ಮೈಸೂರಿನ ಕೆಲಸದಿಂದ ವಾರಕ್ಕೊಮ್ಮೆ ಬರುತ್ತೇನೆ ಅಂದಿದ್ದಾನೆ. ನಾನು ಹೋಗುವುದರಿಂದ ಅವನ ಹೆಗಲಿಗೆ ಭಾರ ಬೀಳುತ್ತದೆ. ಅದನ್ನು ಅವನ ಎದುರು ಕೂತು ಹೇಳಿದೆ. "ನೀನ್ ಬಂದ್ಮೇಲೆ ನಾನ್ ಎಲ್ಲಾದ್ರೂ ಹೋಯ್ತೀನಿ, ಆಗ ನೀನ್ ನೋಡ್ಕೊ ಅಕ್ಕ" ಅಂದ. ಅವನು ನಕ್ಕೊಂಡು ಹೇಳಿದ್ದು, ನಾನು ಮಾತ್ರ ಅದನ್ನು ಮರೆಯುವುದಿಲ್ಲ.

ಅವ್ವ ವಿಡಿಯೋ ಕಾಲ್ ಕಲಿಯುತ್ತಿದ್ದಾಳೆ. ಡೈರಿಗೆ ಹಾಲು ಹಾಕಿ ಬಂದು, ಕೈಕಾಲು ತೊಳೆದು, ರಾತ್ರಿ 8ಕ್ಕೆ ಫೋನ್ ಹಿಡಿಯುತ್ತಾಳೆ. ಅಲ್ಲಿ ಆಗ ಸಂಜೆ 5.30. ಅಭ್ಯಾಸಕ್ಕೆ ಅಂತ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ, ಅವಳು ನಡುಮನೆಯಿಂದ ಮಾಡುತ್ತಾಳೆ. ಮೊನ್ನೆ ಮೊದಲ ಸಲ ಅವಳೇ ಕರೆ ಹಚ್ಚಿದಳು. ಮುಖ ಕಂಡ ಮೇಲೆ ಇಬ್ಬರಿಗೂ ಮಾತು ಬರಲಿಲ್ಲ.

ಚೀಲಕ್ಕೆ ಹುರಿಹಿಟ್ಟು, ಉಪ್ಪಿನಕಾಯಿ, ಮುದ್ದೆ ಕೋಲು ಹಾಕಿಟ್ಟಿದ್ದೇನೆ. ನಿನ್ನೆ ಅಜ್ಜಿ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಬಿತ್ತನೆ ರಾಗಿ ತಂದು ಕೊಟ್ಟಳು. "ಅವ್ರಿಗೆ ಕೊಡು." ಬೀಜದ ಜೊತೆ ಬೆಂಕಿ ರೋಗವೂ ಹೋಗಬಹುದು ಅಜ್ಜಿ, ತಪಾಸಣೆಯ ಪತ್ರ ಇಲ್ಲದೆ ಒಂದು ಕಾಳನ್ನೂ ಒಯ್ಯುವ ಹಾಗಿಲ್ಲ ಅಂದೆ. ಬೇಜಾರಾಗುತ್ತಾಳೆ ಅಂದುಕೊಂಡಿದ್ದೆ. ರಾಗಿಯನ್ನು ಒಣಗಿಸಿಬಿಡುವ ಆ ರೋಗಕ್ಕೆ ಹೊಲದ ಬೆಳೆ ಕಳಕೊಂಡವಳು ಅವಳು. ಸ್ವಲ್ಪ ಹೊತ್ತು ಸುಮ್ನೆ ಕೂತು, ಗಂಟನ್ನು ಮತ್ತೆ ಬಿಗಿದುಕೊಂಡು ಎದ್ದಳು. "ಹಂಗಾರೆ ಇಲ್ಲೇ ಬಿತ್ತಿಸ್ತೀನಿ ಬುಡು. ನೀ ಬರೋ ಹೊತ್ಗೆ ಎಲ್ಡು ಬೆಳೆ ಆಗಿರ್ತದೆ."