ಯಾರೂ ಇಲ್ಲ ಸರ್

ಹೋದ ಗುರುವಾರದ ಆನ್‌ಲೈನ್ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಸರ್ ಏನೇನು ಕೇಳಿದರು ಅಂತ ಅರ್ಧ ಮರೆತಿದ್ದೇನೆ. ನಾನು ಹೇಳಿದ ಒಂದು ಮಾತು ಮಾತ್ರ ಮರೆಯೋಕೆ ಆಗ್ತಿಲ್ಲ.

ನಮ್ಮೂರು ಹೊಸನಗರ ತಾಲ್ಲೂಕು. ಮನೇಲಿ ನೆಟ್‌ವರ್ಕ್ ಇಲ್ಲ, ಹಿಂದಿನ ಗುಡ್ಡ ಹತ್ತಿ ಮತ್ತಿ ಮರದ ಬುಡಕ್ಕೆ ಹೋದರೆ ಎರಡು ಕಡ್ಡಿ ಬರುತ್ತೆ. 2020ರ ಮಾರ್ಚಿನಲ್ಲಿ ಹಾಸ್ಟೆಲ್ ಖಾಲಿ ಮಾಡಿ ಬಂದಾಗಿಂದ ಅದೇ ನನ್ನ ಕ್ಲಾಸು. ನಡುವೆ ನಾಲ್ಕೈದು ತಿಂಗಳು ಕಾಲೇಜಿಗೆ ಹೋಗಿದ್ದು, ಕೊರೊನಾ ಎರಡನೇ ಅಲೆ ಬಂದು ಮತ್ತೆ ಗುಡ್ಡ. ಬೇಸಿಗೆಯಲ್ಲಿ ಪರವಾಗಿಲ್ಲ. ಈಗ 2021ರ ಜುಲೈ, ಪುನರ್ವಸು ಮಳೆ, ಜೊತೆಗೆ ರಕ್ತ ಹೀರೋ ಇಂಬಳ. ಕಟ್ಟಿದ್ದ ಟಾರ್ಪಾಲು ಗಾಳಿಗೆ ಹಾರಿಹೋಗಿ ವಾರವಾಗಿತ್ತು. ಅದಕ್ಕೇ ಅಪ್ಪ ಕೊಡೆ ಹಿಡಿದು ಹಿಂದೆ ನಿಂತಿದ್ದರು.

ಕ್ಯಾಮೆರಾ ಆನ್ ಮಾಡು ಅಂದರು ಸರ್. ಮಾಡಿದೆ.

"ನಿನ್ನ ಹಿಂದೆ ಯಾರಮ್ಮ ಅದು?"

"ಯಾರೂ ಇಲ್ಲ ಸರ್."

ಪರದೆಯ ಮೂಲೆಯಲ್ಲಿ ಕೊಡೆ ಹಿಡಿದ ಕೈ ಚೆನ್ನಾಗಿಯೇ ಕಾಣ್ತಿತ್ತು. ತೋಟಕ್ಕೆ ಔಷಧಿ ಹೊಡೆದು ಮೈಲುತುತ್ತದ ನೀಲಿ ಹತ್ತಿದ ಕೈ. "ಯಾರೇ ಇರಲಿ, ಆಚೆ ಕಳಿಸು" ಅಂದರು ಸರ್. ನಾನು ಬಾಯಿ ಬಿಡುವ ಮೊದಲೇ ಅಪ್ಪ ಕೊಡೆಯನ್ನ ನನ್ನ ಕೈಗೆ ತುರುಕಿ, ತಲೆ ಮೇಲೆ ಟವೆಲ್ ಹಾಕ್ಕೊಂಡು ಹೋಗಿ ಇನ್ನೊಂದು ಮರದಡಿ ನಿಂತರು. ಮರದಡಿ ಅಂದರೆ ಮಳೇಲೇ.

ಸರ್ ಕೆಟ್ಟವರಲ್ಲ. ಎಷ್ಟೋ ಜನ ಪುಸ್ತಕ ನೋಡಿ ಓದಿ ಹೇಳೋದನ್ನ ಕಂಡವರು, ಅನುಮಾನ ಬರಲ್ವಾ? ಆಮೇಲೆ ಅವರು ಕೇಳಿದ್ದೇನು ಗೊತ್ತಾ? ಅಡಿಕೆ ಕೊಳೆರೋಗ, ಬೋರ್ಡೋ ದ್ರಾವಣದ ಪ್ರಮಾಣ. ಶೇ 1 ಸರ್, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ಗಿಣಿ ಹಾಗೆ ಒಪ್ಪಿಸಿದೆ. ನಾನು ಹುಟ್ಟುವ ಮೊದಲಿಂದ ಅದನ್ನ ಕಲಸುತ್ತಾ ಬಂದವರು ಆಚೆ ಮರದಡಿ ನೆನೀತಿದ್ದರು.

ಯಾಕೆ ಹಾಗೆ ಹೇಳಿದೆ? ಮಾರ್ಕ್ಸ್ ಭಯ ಅಂತ ಮೊದಲ ದಿನ ಅಂದುಕೊಂಡೆ. ಸುಳ್ಳು. ಮೀಟ್‌ನಲ್ಲಿ ಕ್ಲಾಸಿನವರೆಲ್ಲ ಇದ್ದರು, ಅವರ ಹಿಂದೆ ಗೋಡೆ, ಫ್ಯಾನು, ಪುಸ್ತಕದ ಶೆಲ್ಫು. ನನಗೆ ನಾಚಿಕೆ ಆಯ್ತು, ಅಷ್ಟೇ. ತಮಾಷೆ ನೋಡಿ, ಕಳೆದ ತಿಂಗಳು ಸುಳ್ಯದ ಕಡೆ ಒಬ್ಬ ಅಪ್ಪ ಮಗಳ ಆನ್‌ಲೈನ್ ಕ್ಲಾಸಿಗೆ ಕೊಡೆ ಹಿಡಿದು ನಿಂತ ಫೋಟೊ ಎಲ್ಲರ ಮೊಬೈಲಿಗೂ ಬಂತಲ್ಲ, ಅದನ್ನ ಎರಡು ದಿನ ಸ್ಟೇಟಸ್ ಇಟ್ಟವಳು ನಾನೇ. ಅಪ್ಪ ಅಂದರೆ ಹೀಗಿರಬೇಕು ಅಂತ ಬೇರೆ ಬರೆದಿದ್ದೆ. ಬೇರೆಯವರ ಅಪ್ಪನಾದರೆ ಸುಲಭ.

ಅಪ್ಪ ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಹತ್ರ, "ಇವಳ ಮೇಷ್ಟ್ರು ಭಾರಿ ಸ್ಟ್ರಿಕ್ಟು ಮಾರಾಯ್ತಿ, ಕಾಪಿ ಹೊಡಿಯಕ್ಕೆ ಬಿಡಲ್ಲ" ಅಂತ ಮೆಚ್ಚಿಕೊಂಡು ಹೇಳ್ತಿದ್ದರು. "ಯಾರೂ ಇಲ್ಲ ಸರ್" ಅವರಿಗೆ ಕೇಳಿಸಿತೋ ಇಲ್ಲವೋ. ಕೇಳುವ ಧೈರ್ಯ ನನಗಿಲ್ಲ.

26ರಿಂದ ಕಾಲೇಜು ಶುರುವಂತೆ, ಲಸಿಕೆ ಒಂದು ಡೋಸ್ ಆದರೂ ಆಗಿರಬೇಕಂತೆ. ಅಲ್ಲೀವರೆಗೆ ಗುಡ್ಡವೇ ಗತಿ. ನಿನ್ನೆ ಸಂಜೆ ಅಪ್ಪ ಜಗುಲೀಲಿ ಕೂತು ಕೊಡೆಯ ಮುರಿದ ಕಡ್ಡಿಗೆ ತಂತಿ ಸುತ್ತುತ್ತಿದ್ದರು. ತಲೆ ಎತ್ತದೆ ಕೇಳಿದರು:

"ನಾಳೆ ಎಷ್ಟು ಗಂಟೆಗೆ? ಈ ಸಲ ಸ್ವಲ್ಪ ಪಕ್ಕಕ್ಕೆ ನಿಂತು ಹಿಡೀತೀನಿ, ಕೈ ಕಾಣಲ್ಲ."