ಮುಖ ಮುಟ್ಟದೆ ಕಳೆದ ಎರಡು ದಿನ

ನಾನು ಅನಿಮೇಟ್ ಮಾಡುತ್ತಿದ್ದ ಆ ಶಾಟ್ ಮೂರನೆಯ ಸಲ ನನ್ನ ಮೇಜಿಗೆ ವಾಪಸು ಬಂದಿತ್ತು. ಮುದುಕಿಯೊಬ್ಬಳು ಕಾಗದ ಓದುತ್ತಾಳೆ, ಮಗ ಬರುವುದಿಲ್ಲವೆಂದು ತಿಳಿಯುತ್ತದೆ. ಐದು ಸೆಕೆಂಡ್, ಅಂದರೆ 120 ಫ್ರೇಮ್, 120 ಬಿಡಿಚಿತ್ರ. ಹುಬ್ಬು, ತುಟಿ, ಕೆನ್ನೆಯ ನಡುಕ ಎಲ್ಲವನ್ನೂ ತಿದ್ದಿ ತೀಡಿದ್ದೆ. ಆದರೂ ಮುದುಕಿಗೆ ಜೀವ ಬಂದಿರಲಿಲ್ಲ.

ನಮ್ಮ ತಂಡದ ಹಿರಿಯರೊಬ್ಬರು ಅನಿಮೇಶನ್‌ಗೆ ಬರುವ ಮುನ್ನ ವರ್ಷಗಟ್ಟಲೆ ಗೊಂಬೆ ಆಡಿಸಿದವರು. ಶಾಟ್ ನೋಡಿದವರೇ ಪರದೆಯ ಮೇಲೆ ಮುಖವನ್ನು ಆಡಿಸುವ ಕಂಟ್ರೋಲ್‌ಗಳನ್ನೆಲ್ಲ ಮರೆಮಾಡಿ, "ಕುತ್ತಿಗೆ, ಎದೆ, ಕೈ. ಇಷ್ಟರಲ್ಲೇ ಹೇಳಿ ನೋಡೋಣ" ಎಂದರು. ಆಮೇಲೆ ಕರವಸ್ತ್ರಕ್ಕೆ ಗಂಟು ಹಾಕಿ ನನ್ನ ಕೈಗಿತ್ತರು. ಗಂಟೇ ತಲೆ. ಅದು ಮೇಜಿನ ಮೇಲಿನ ಪೆನ್ಸಿಲನ್ನು ನೋಡಬೇಕು.

ಗಂಟನ್ನು ತಿರುಗಿಸಿದೆ. ಬಟ್ಟೆ ತಿರುಗಿತು, ಅಷ್ಟೇ. ಅವರು ನನ್ನ ಮಣಿಕಟ್ಟು ಹಿಡಿದು, ಉಸಿರೆಳೆದುಕೊಂಡಂತೆ ತುಸು ಮೇಲೆತ್ತಿದರು. ಒಂದು ಕ್ಷಣ ತಡೆದು ಪೆನ್ಸಿಲಿನತ್ತ ವಾಲಿಸಿ, ಹಾಗೇ ನಿಲ್ಲಿಸಿದರು. ಕಣ್ಣಿಲ್ಲದ ಆ ಗಂಟು ಪೆನ್ಸಿಲನ್ನು ನೋಡುತ್ತಿತ್ತು! ನನ್ನ ಕೈಯಲ್ಲೇ ಇದ್ದ ಬಟ್ಟೆಯನ್ನು ನಾನೇ ಬೆರಗಾಗಿ ನೋಡಿದೆ.

ಜಪಾನಿನ ಬುನ್ರಾಕು ಗೊಂಬೆಯಾಟದ ವಿಚಾರ ಹೇಳಿದವರೂ ಅವರೇ. ಅಲ್ಲಿ ಒಂದು ಮುಖ್ಯ ಗೊಂಬೆಗೆ ಮೂವರು: ಹಿರಿಯ ಕಲಾವಿದರಿಗೆ ತಲೆ ಮತ್ತು ಬಲಗೈ, ಎರಡನೆಯವರಿಗೆ ಎಡಗೈ, ಮೂರನೆಯವರಿಗೆ ಕಾಲು. ಹೆಣ್ಣು ಗೊಂಬೆಗಳಿಗೆ ಸಾಮಾನ್ಯವಾಗಿ ಕಾಲೇ ಇರುವುದಿಲ್ಲ. ಕಿಮೋನೋದ ಅಂಚನ್ನು ಕೈಯಿಂದ ಆಡಿಸಿಯೇ ನಡಿಗೆ ತೋರಿಸುತ್ತಾರೆ; ಕಾಲುಗಳನ್ನು ಪ್ರೇಕ್ಷಕರು ತಾವೇ ಕಲ್ಪಿಸಿಕೊಳ್ಳುತ್ತಾರೆ. ನಾನೋ ನೋಡುಗರ ಪಾಲಿಗೆ ಏನನ್ನೂ ಉಳಿಸಿರಲಿಲ್ಲ.

ಕಂಪ್ಯೂಟರಿನಲ್ಲಿ ಪಾತ್ರವನ್ನು ಆಡಿಸಲು ಕಟ್ಟುವ, ನಾವು ರಿಗ್ ಎಂದು ಕರೆಯುವ ಚೌಕಟ್ಟೂ ಗೊಂಬೆಯೇ. 1993ರ ಜುರಾಸಿಕ್ ಪಾರ್ಕ್‌ನ ಕೆಲವು ದೃಶ್ಯಗಳಿಗೆ ಕೀಲುಕೀಲಿಗೂ ಸಂವೇದಕ ಕೂರಿಸಿದ ಡೈನೋಸಾರ್ ಚೌಕಟ್ಟೊಂದನ್ನು ಮಾಡಿದ್ದರು. ಗೊಂಬೆಯನ್ನು ಫ್ರೇಮಿನಿಂದ ಫ್ರೇಮಿಗೆ ತುಸುತುಸುವೇ ಸರಿಸಿ ಚಿತ್ರೀಕರಿಸಿ ಪಳಗಿದ ಸ್ಟಾಪ್‌ಮೋಷನ್ ಕಲಾವಿದರು ಅದನ್ನು ಕೈಯಿಂದ ಬಾಗಿಸುತ್ತಿದ್ದರು, ಆ ಭಂಗಿ ಕಂಪ್ಯೂಟರಿಗೆ ಹೋಗುತ್ತಿತ್ತು. ಕೈಯ ವಿದ್ಯೆ ಬಿಟ್ಟುಹೋಗದಿರಲೆಂದು ಪಟ್ಟ ಆ ಶ್ರಮದ ಬಗ್ಗೆ ನನಗೆ ಬಹಳ ಗೌರವ.

ಆದರೆ ಒಂದು ವ್ಯತ್ಯಾಸ ಮರೆಯುವಂತಿಲ್ಲ. ಗೊಂಬೆಯ ಭಾರ ಆಡಿಸುವವರ ಕೈಗೆ ಸಿಗುತ್ತದೆ. ನನ್ನ ಮುದುಕಿಗೆ ಭಾರವೇ ಇಲ್ಲ. ಕುರ್ಚಿ ತೆಗೆದರೂ ಗಾಳಿಯಲ್ಲಿ ಕುಳಿತೇ ಇರುತ್ತಾಳೆ. ಕೈಯಲ್ಲಿರುವ ಗೊಂಬೆ ಸುಮ್ಮನಿದ್ದಾಗಲೂ ಹಿಡಿದವರ ಉಸಿರು ಅದರೊಳಗೆ ಆಡುತ್ತಿರುತ್ತದೆ. ನಾನು ಭಂಗಿ ನಿಲ್ಲಿಸಿದರೆ ಅವಳು ಕಲ್ಲು. ಹಾಗಾಗಿ ಭಾರವನ್ನೂ ಉಸಿರನ್ನೂ ನಾನು ಭಂಗಿ ಗೊತ್ತುಮಾಡುವ ಒಂದೊಂದೇ ಕೀಫ್ರೇಮ್‌ನಲ್ಲಿ ತುಂಬಬೇಕು.

ಎರಡು ದಿನ ಅದನ್ನೇ ಮಾಡಿದೆ. ಮುದುಕಿ ಓದುತ್ತಾ ಉಸಿರೆಳೆದುಕೊಳ್ಳುತ್ತಾಳೆ, ಬಿಡುವುದನ್ನು ಮರೆಯುತ್ತಾಳೆ. ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಹೆಗಲು ಕೂದಲೆಳೆಯಷ್ಟು ಕುಸಿಯುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. ಆಮೇಲೆ ಕಾಗದ ಹಿಡಿದ ಕೈ ಮಡಿಲಿಗೆ ಇಳಿಯುತ್ತದೆ. ಮೂರನೆಯ ದಿನ ಮುಖದ ಕಂಟ್ರೋಲ್‌ಗಳನ್ನು ತೆರೆದಾಗ ರೆಪ್ಪೆಯನ್ನು ಒಮ್ಮೆ ಇಳಿಸುವುದಷ್ಟೇ ಬಾಕಿ ಇತ್ತು.