ಕಡತ ಅಂದ್ರೆ ಬಟ್ಟೆ

ಜಮೀನಿನ ಖಾತೆ ಬದಲಾವಣೆಗೆ ಅಂತ ಒಂದು ಕಚೇರಿಗೆ ಮೂರು ಸಲ ಅಲೆದೆ. ಮೂರು ಸಲವೂ ಒಂದೇ ಮಾತು: "ಕಡತ ಸಿಕ್ತಿಲ್ಲ ಸರ್, ಸೋಮವಾರ ಬನ್ನಿ." ಮಂಡ್ಯಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಆ ಪದವೇ ತಲೆ ಕೊರೆಯತೊಡಗಿತು.

ಈಗ ಕಡತ ಅಂದ್ರೆ ಫೈಲು, ಅಷ್ಟೇ. ಹಿಂದೆ ಅದು ನಿಜವಾಗಿ ಬಟ್ಟೆ. ಹತ್ತಿ ಬಟ್ಟೆಯ ಉದ್ದ ಪಟ್ಟಿಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದರು. ಬರೆಯೋದು ಬಳಪದಲ್ಲಿ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿ (ರೆಸಿಡೆಂಟ್) ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸ ಪುಸ್ತಕದಲ್ಲಿ ಇದನ್ನು ವರ್ಣಿಸಿದ್ದಾನೆ. ಉದ್ದ 12ರಿಂದ 18 ಅಡಿ, ಹೊರಮಡಿಕೆಗಳಿಗೆ ತೆಳು ಹಲಗೆ. ವ್ಯಾಪಾರಿಗಳ ಲೆಕ್ಕವೂ ಅದರಲ್ಲೇ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸ ಬರೆಯುವವರು ಇವತ್ತಿಗೂ ನೋಡುತ್ತಾರೆ.

ಬೇರೆ ಪದಗಳ ಕತೆಯೂ ಹೀಗೇ. ದಫ್ತರ ನಮಗೆ ಪಾರಸಿಯಿಂದ ಬಂತು, ಬೇರು ಮಾತ್ರ ಗ್ರೀಕಿನ 'ದಿಫ್ತೆರಾ', ಅಂದ್ರೆ ಚರ್ಮ. ಫೈಲಿನ ಬೇರು ಲ್ಯಾಟಿನ್ನಿನಲ್ಲಿ ದಾರ. ಹೋಟೆಲಿನಲ್ಲಿ ಬಿಲ್ಲನ್ನು ಕಂಬಿಗೆ ಚುಚ್ಚುತ್ತಾರಲ್ಲ, ಹಾಗೆ ಕಾಗದಗಳನ್ನು ದಾರಕ್ಕೆ ಪೋಣಿಸಿಡುತ್ತಿದ್ದರು. ನಮ್ಮ ಓಲೆಯಂತೂ ತಾಳೆಗರಿಯೇ.

ಸುಮ್ನೆ ಇರಲಾರದೆ ನಾನೂ ಒಂದು ಕಡತ ಮಾಡಲು ಹೊರಟೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು ನೆನೆಹಾಕಿದೆ. ಮಿಕ್ಸಿಗೆ ಹಾಕಿದರೆ ಕಲ್ಲು ಅರೆದಂತೆ ಸದ್ದು. ಆ ಹಿಟ್ಟನ್ನು ಕುದಿಸಿದಾಗ ರಾಗಿ ಅಂಬಲಿಯ ಹದಕ್ಕೆ ಬಂತು. ಒಲೆಯ ಇದ್ದಿಲು ಕುಟ್ಟಿ, ಜರಡಿ ಹಿಡಿದು ಬೆರೆಸಿದೆ. ಹಳೇ ಪಂಚೆ ಹರಿದು ಬಳಿದೆ.

"ಅದೇನ್ಲಾ ಮಗ, ಪಂಚೆಗೆ ಮಸಿ ಬಳೀತಿದ್ದೀಯ?" ಅಂದಳು ಅವ್ವ. ಮೊರಕ್ಕೆ ಮೆಂತ್ಯ, ಕಾಗದ ರುಬ್ಬಿ ಬಳಿದ ಕೈ ಅವಳದು. ಒಂದು ಸಲ ಮುಟ್ಟಿ ನೋಡಿ, "ಅಂಟು ಜಾಸ್ತಿಯಾಯ್ತು, ಒಡೀತದೆ ಬುಡು" ಅಂದಳು. ಒಣಗಿದ ಮೇಲೆ ಮಡಚಿದೆ. ಮಡಿಕೆಯಲ್ಲೆಲ್ಲ ಚಟಚಟ ಬಿರುಕು! ಆದರೂ ಬಳಪ ಚೆನ್ನಾಗಿ ಹಿಡಿಯಿತು. ಕಪ್ಪಿನ ಮೇಲೆ ಬೆಳ್ಳಗೆ ನಮ್ಮ ಹೊಲದ ಸರ್ವೆ ನಂಬರು ಬರೆದಿಟ್ಟೆ.

ಮಾರನೇ ದಿನ ಹುಡುಕಿದರೆ ಇಲ್ಲ. ಅವ್ವ ಅದನ್ನೇ ಹಿಡಿದು ಸಾರಿನ ಪಾತ್ರೆ ಇಳಿಸುತ್ತಿದ್ದಳು.

"ಅವ್ವಾ, ಅದು ಕಡತ!"

"ಮಸಿಬಟ್ಟೆ ಕಣ್ಲಾ."

ಸರ್ವೆ ನಂಬರಿನ ಕೊನೆಯ ಎರಡು ಅಂಕಿ ಇನ್ನೂ ಕಾಣುತ್ತಿವೆ. ನಾಳೆ ಸೋಮವಾರ.